ಗೊಂಬೆಗಳಿಗೂ ಒಂದು ಶಿಷ್ಟಾಚಾರ

ಕತ್ತಲಿಲ್ಲದೆ ತೊಗಲುಗೊಂಬೆ ಆಡಿಸುವ ವಿದ್ಯೆಯನ್ನು ಗೊಂಬೆಯಾಟವೇ ಕುಲವೃತ್ತಿಯಾದ ನಮ್ಮ ಶಿಳ್ಳೇಕ್ಯಾತರು ತಲೆತಲಾಂತರದಿಂದಲೂ ಕಲಿಯದೆ ಉಳಿದಿದ್ದರು. ಆ ಕೊರತೆಯನ್ನು ಈಗ ಉತ್ಸವ ಸಮಿತಿಗಳು ನೀಗಿಸುತ್ತಿವೆ. ಮೇಕೆಯ ಚರ್ಮವನ್ನು ನೆನೆಸಿ, ರೋಮ ತೆಗೆದು, ಬೆಳಕು ಹಾಯುವಷ್ಟು ತೆಳುವಾಗುವವರೆಗೆ ಹೆರೆದು, ಒಣಗಿಸಿ, ಒಡವೆಯ ಒಂದೊಂದು ಮಣಿಗೂ ಉಳಿಯಿಂದ ತೂತು ಕೊರೆದು, ಬಣ್ಣ ಹಚ್ಚುವ ಇಷ್ಟೆಲ್ಲ ಶ್ರಮವೂ ದೀಪ ಪರದೆಯ ಹಿಂದಿರಬೇಕು, ಮುಂದೆ ಕತ್ತಲಿರಬೇಕು ಎಂಬ ಒಂದೇ ಷರತ್ತಿನ ಮೇಲೆ ನಿಂತಿದೆ. ಆದರೆ ಮುಂದೆ ಕತ್ತಲಾದರೆ ಮೊದಲ ಸಾಲಿನ ಸೋಫಾದಲ್ಲಿ ಕುಳಿತ ಗಣ್ಯರು ಕಾಣುವುದಿಲ್ಲ. ಆದ್ದರಿಂದ ದೀಪಗಳೆಲ್ಲ ಉರಿಯುತ್ತಲೇ ಇರುತ್ತವೆ. ರಾವಣನ ಹತ್ತು ತಲೆಗಳೂ ಆ ಬೆಳಕಿನಲ್ಲಿ ತಾವಾಗಿಯೇ ಕರಗಿಹೋಗುವುದರಿಂದ ರಾಮನಿಗೆ ಬಾಣ ಬಿಡುವ ತೊಂದರೆಯೂ ತಪ್ಪುತ್ತದೆ.

ಪರದೆಯ ಹಿಂದೆ ಎಣ್ಣೆಯ ದೀಪವಿಡಲು ಅಗ್ನಿಸುರಕ್ಷತೆಯ ನಿಯಮ ಒಪ್ಪುವುದಿಲ್ಲ. ಅದೇ ವೇದಿಕೆಯ ಮುಂಭಾಗದಲ್ಲಿ ಮಾತ್ರ ಏಳೆಂಟು ಮಂದಿ ಅತಿಥಿಗಳು ರೇಷ್ಮೆ ಶಾಲುಗಳ ಸಮೇತ ಆಳೆತ್ತರದ ದೀಪಕ್ಕೆ ಮುಗಿಬಿದ್ದು ಬತ್ತಿ ಹೊತ್ತಿಸಬಹುದು. ಗಣ್ಯರು ಹಚ್ಚಿದ ಬೆಂಕಿ ಸುಡುವುದಿಲ್ಲವೆಂಬುದು ನಿಯಮ ಬರೆದವರಿಗೆ ತಿಳಿದಿರಲೇಬೇಕು.

ಹಿಂದೆ ಹಳ್ಳಿಯಲ್ಲಿ ರಾತ್ರಿಯೂಟವಾದ ಮೇಲೆ ಆರಂಭವಾದ ಆಟ ಬೆಳಗಿನವರೆಗೆ ನಡೆಯುತ್ತಿತ್ತು. ಮಳೆ ಕೈಕೊಟ್ಟ ವರ್ಷ ಊರವರೇ ಕರೆಸಿ ಆಡಿಸುತ್ತಿದ್ದರು. ಉತ್ಸವದಲ್ಲಿ ಇಡೀ ರಾಮಾಯಣಕ್ಕೆ ಹತ್ತು ನಿಮಿಷ. ಸ್ವಾಗತ, ಪ್ರಾಸ್ತಾವಿಕ, ಮಾಲಾರ್ಪಣೆ, ಹಾಗೂ ನಶಿಸುತ್ತಿರುವ ಈ ಕಲೆಯನ್ನು ಉಳಿಸಬೇಕೆಂಬ ಮುಕ್ಕಾಲು ಗಂಟೆಯ ಭಾಷಣ ಮುಗಿಯುವಾಗ ಅದರಲ್ಲಿ ನಾಲ್ಕು ನಿಮಿಷ ಉಳಿದಿರುತ್ತದೆ. ಗಣಪತಿ, ಸರಸ್ವತಿಯರ ಪ್ರಾರ್ಥನೆ ಮುಗಿಯಿತೆನ್ನುವಾಗಲೇ ವಂದನಾರ್ಪಣೆಯವರು ಮೈಕು ಹಿಡಿದಿರುತ್ತಾರೆ. ಕೈಕೇಯಿ ವರ ಕೇಳುವಷ್ಟು ಸಮಯವಿಲ್ಲ. ಹೀಗಾಗಿ ರಾಮ ಅಯೋಧ್ಯೆಯಲ್ಲಿಯೇ ಸುಖವಾಗಿರುತ್ತಾನೆ.

ಆಟದ ನಡುವೆ ನಗಿಸಲು ಬರುವ ವಿದೂಷಕ ಗೊಂಬೆಗಳಾದ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕನ ಹಾಸ್ಯಕ್ಕೆ ಸಂಭಾಷಣೆಯ ಮೂರು ಪ್ರತಿಗಳನ್ನು ಮುಂಚಿತವಾಗಿ ಸಲ್ಲಿಸಬೇಕು. ಪರದೆಗೆ ನುಗ್ಗಿದೊಡನೆ ಊರಿನ ಗೌಡನನ್ನೂ ಶಾನುಭೋಗನನ್ನೂ ಬಾಯಿಗೆ ಬಂದಂತೆ ಆಡಿಕೊಳ್ಳುವುದೇ ಅವರ ವೃತ್ತಿಯಾದ್ದರಿಂದ ಇದು ಸಕಾಲಿಕ ಎಚ್ಚರಿಕೆಯೆನ್ನಬೇಕು.

ಸಂಪ್ರದಾಯಕ್ಕೆ ನಿಷ್ಠೆ ಇಲ್ಲವೇ ಇಲ್ಲ ಎನ್ನುವುದೂ ಅನ್ಯಾಯ. ಕರ್ನಾಟಕದ ಗೊಂಬೆಗಳಲ್ಲಿ ದೇವರು, ರಾಜರು ದೊಡ್ಡವರು, ಸೇವಕರು ಚಿಕ್ಕವರು. ಆ ಕ್ರಮವನ್ನು ಉತ್ಸವದ ಫ್ಲೆಕ್ಸು ಚಾಚೂ ತಪ್ಪದೆ ಪಾಲಿಸುತ್ತದೆ. ಅದರಲ್ಲಿ ಅಧ್ಯಕ್ಷರು ವಿಶ್ವರೂಪದಲ್ಲಿದ್ದರೆ ಕಲಾವಿದರು ಕೆಳಗಿನ ಮೂಲೆಯಲ್ಲಿ ಅಂಚೆಚೀಟಿಯಷ್ಟಿರುತ್ತಾರೆ. ಕೊಪ್ಪಳ ಜಿಲ್ಲೆಯ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ತೊಂಬತ್ತು ದಾಟಿತ್ತು; ಅಷ್ಟು ವರ್ಷ ಕಾಯುವ ತಾಳ್ಮೆ ಉಳ್ಳವರ ಕುಲಕ್ಕೆ ಸಂಭಾವನೆಯ ಬಿಲ್ಲು ಮುಂದಿನ ಆರ್ಥಿಕ ವರ್ಷಕ್ಕೆ ಹೋದರೇನು ಕಷ್ಟ?

ಆ ಬಿಲ್ಲಿಗೆ ಪ್ರದರ್ಶನದ ಛಾಯಾಚಿತ್ರ ಕಡ್ಡಾಯ. ದೀಪ ಆರಿಸಿ ತೆಗೆದ ಚಿತ್ರದಲ್ಲಿ ಪ್ರೇಕ್ಷಕರು ಕಾಣಲಿಲ್ಲವೆಂದು ಅದು ತಿರಸ್ಕೃತವಾಗುತ್ತದೆ. ದೀಪ ಹಚ್ಚಿ ತೆಗೆದ ಚಿತ್ರವನ್ನು ಲೆಕ್ಕಪರಿಶೋಧಕರು ಹಿಂದಿರುಗಿಸಿ, ಬರಿಯ ಬಿಳಿ ಬಟ್ಟೆಗೆ ಹಣ ಪಾವತಿಸಲು ಅವಕಾಶವಿರುವುದಿಲ್ಲವಾಗಿ ಏಳು ದಿನಗಳೊಳಗೆ ವಿವರಣೆ ನೀಡತಕ್ಕದ್ದೆಂದು ಷರಾ ಬರೆಯುತ್ತಾರೆ.