ಕಪ್ಪತಗುಡ್ಡದ ಫ್ಯಾನು, ಓಲ್ಕಾರಿಯಾದ ಹಬೆ

ಹೋದ ಮಾರ್ಚ್‌ನಲ್ಲಿ ಊರಿಗೆ ಬಂದಿದ್ದೆ. ಒಂದು ರಾತ್ರಿ ಒಂದೂವರೆಗೆ ನಮ್ಮ ಕಾಕಾನ ಮಗ ಎದ್ದು, ಬ್ಯಾಟರಿ ಹಿಡಿದು ಹೊಲಕ್ಕೆ ಹೊರಟ. ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಬರೋದು ಆ ಹೊತ್ತಿಗೇ. ನಾನೂ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಹೋದೆ. ಬೋರಿನ ಹತ್ತಿರ ತಗಡಿನ ಪೆಟ್ಟಿಗೆ ತೆಗೆದು ಸ್ಟಾರ್ಟರ್ ಒತ್ತಿದ. ಮೋಟರ್ ಗುಂಯ್ ಅಂದು ನಿಂತಿತು. ವೋಲ್ಟೇಜ್ ಇಲ್ಲ. ಐದು ನಿಮಿಷ ಬಿಟ್ಟು ಮತ್ತೆ ಒತ್ತಿದ, ಮತ್ತೆ ಅದೇ ಕಥೆ. ಮೂರನೇ ಸಲಕ್ಕೆ ಎತ್ತಿತು, ಪೈಪು ಮೊದಲು ಗಾಳಿ ಕಕ್ಕಿ ಆಮೇಲೆ ನೀರು ಬಿಟ್ಟಿತು. ಬೇಸಿಗೆ ಶೇಂಗಾಕ್ಕೆ ನೀರು ಹಾಯಿಸಬೇಕಿತ್ತು. ಅವನು ಸಲಿಕೆ ಹಿಡಿದು ಬದುವಿನ ಬಾಯಿ ತಿರುಗಿಸುತ್ತ ನಿಂತ, ನಾನು ಹಾವು ಗೀವು ಇದ್ದಾವೇನೋ ಅಂತ ಅವನ ಕಾಲಿನ ಹತ್ತಿರ ಬೆಳಕು ಹಿಡಿದೆ. ಎದುರಿಗೆ ಕಪ್ಪತಗುಡ್ಡದ ಮೇಲೆ, ಗಾಳಿಯಿಂದ ಕರೆಂಟ್ ಹುಟ್ಟಿಸುವ ಫ್ಯಾನುಗಳ ಕೆಂಪು ದೀಪ ಸಾಲಾಗಿ ಮಿಣುಕುತ್ತಿದ್ದವು.

"ನೋಡಣ್ಣಾ," ಅಂದ. "ಗುಡ್ಡ ನಮ್ದು, ಗಾಳಿ ನಮ್ದು. ಕರೆಂಟ್ ಮಾತ್ರ ನಮಗ ನಡುರಾತ್ರಿಗೆ ಬರ್ತೈತಿ."

ಈ ಮಾತು ನೈರೋಬಿಗೆ ವಾಪಸ್ ಬಂದ ಮೇಲೂ ತಲೆಯಿಂದ ಹೋಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಗದಗ ಜಿಲ್ಲೆಯ ಮುಂಡರಗಿ ಕಡೆಯವನು. ಅಪ್ಪನದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ತಾಮ್ರದ ತಂತಿ, ವಾರ್ನಿಷ್ ವಾಸನೆ, ಅದರಲ್ಲೇ ಬೆಳೆದೆ. ಬೇಸಿಗೆ ಬಂತು ಅಂದರೆ ಅಂಗಡಿ ಮುಂದೆ ಸುಟ್ಟ ಮೋಟರುಗಳ ಸಾಲು. ವೋಲ್ಟೇಜ್ ಇಳಿದರೆ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತೆ, ಕಾಯಿಲ್ ಕಾಯುತ್ತೆ, ಸುಡುತ್ತೆ, ಅಷ್ಟೇ. ನಮ್ಮ ಮನೆ ನಡೆದದ್ದು, ನಾನು ಹುಬ್ಬಳ್ಳಿಗೆ ಹೋಗಿ ಡಿಪ್ಲೊಮಾ ಓದಿದ್ದು, ಎಲ್ಲ ಆ ರೈತರ ಮೋಟರ್ ಸುಟ್ಟಿದ್ದರಿಂದ. ಈಗ ಹನ್ನೊಂದು ವರ್ಷದಿಂದ ಕೆನ್ಯಾದಲ್ಲಿ ಸೋಲಾರ್ ಪಂಪ್ ಕೂಡಿಸುವ ಕೆಲಸ ಮಾಡುತ್ತೇನೆ. ಎರಡೂ ಕಡೆಯ ಕರೆಂಟನ್ನು ಕೈಯಿಂದ ಮುಟ್ಟಿ ನೋಡಿದ್ದೇನೆ.

"ಇಂಧನ ಸ್ವಾವಲಂಬನೆ" ಅಂತ ದೊಡ್ಡವರು ಭಾಷಣದಲ್ಲಿ ಹೇಳುತ್ತಾರಲ್ಲ, ಅದು ಸುಮ್ನೆ ದೊಡ್ಡ ಮಾತಲ್ಲ. 2022ರ ಮಾರ್ಚ್ ಕೊನೆಗೆ ಶ್ರೀಲಂಕಾದಲ್ಲಿ ದಿನಕ್ಕೆ 13 ತಾಸು ಕರೆಂಟ್ ತೆಗೆದರು. ಎಣ್ಣೆ ತರಲು ಡಾಲರ್ ಇರಲಿಲ್ಲ. ಒಂದು ದೇಶದ ದೀಪ ಇನ್ನೊಬ್ಬರ ಹಡಗಿನ ಮೇಲೆ ನಿಂತಿದ್ದರೆ ಹೀಗೇ ಆಗೋದು. ನಮ್ಮ ದೇಶವೂ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಹೊರಗಿನಿಂದ ತರುತ್ತದೆ.

ಕೆನ್ಯಾ ನಮಗಿಂತ ಬಹಳ ಸಣ್ಣ ದೇಶ, ಬಡ ದೇಶ. ಪೆಟ್ರೋಲ್, ಡೀಸೆಲ್ ಎಲ್ಲ ಮೊಂಬಾಸಾ ಬಂದರಿಗೆ ಹಡಗಿನಲ್ಲಿ ಬರಬೇಕು. ಆದರೆ ಕರೆಂಟಿನ ವಿಷಯಕ್ಕೆ ಬಂದರೆ ನೂರರಲ್ಲಿ ಸುಮಾರು 90 ಪಾಲು ನೆಲದ ಹಬೆ, ನೀರು, ಗಾಳಿ, ಬಿಸಿಲಿನಿಂದಲೇ. ಇದು ಹೇಗಾಯಿತು ಅನ್ನೋದನ್ನು ನಮ್ಮ ಗದಗಿನವರು ಕೇಳಬೇಕು, ಯಾಕೆಂದರೆ ಇದು ಬರಗಾಲದ ಕಥೆ, ಮತ್ತೆ ಬೋರ್‌ವೆಲ್ಲಿನ ಕಥೆ.

ಮೊದಲು ಇವರೂ ಅಣೆಕಟ್ಟೇ ನಂಬಿದ್ದರು. ತಾನಾ ನದಿ ಮೇಲೆ ಒಂದರ ಕೆಳಗೆ ಒಂದು ಕಟ್ಟೆ. 1999-2000ರಲ್ಲಿ ಮಳೆ ಕೈಕೊಟ್ಟಿತು, ಕಟ್ಟೆ ಇಳಿದವು, ದಿನಾ ತಾಸುಗಟ್ಟಲೆ ಕರೆಂಟ್ ತೆಗೆದರು. ಆಗ ಇವರಿಗೆ ಭೂಮಿಯ ಒಳಗಿನ ಹಬೆ ಕಡೆ ನೋಡಲೇಬೇಕಾಯಿತು. ನೈವಾಶಾ ಕೆರೆಯ ಹತ್ತಿರ ಓಲ್ಕಾರಿಯಾ ಅಂತ ಜಾಗ, ಅಲ್ಲಿ 1981ರಲ್ಲೇ 15 ಮೆಗಾವ್ಯಾಟಿನ ಒಂದು ಸಣ್ಣ ಘಟಕ ಶುರುವಾಗಿತ್ತು. ಅದನ್ನು ಬೆಳೆಸಬೇಕು ಅಂದರೆ ಎರಡು ಮೂರು ಕಿಲೋಮೀಟರ್ ಆಳ ಕೊರೆಯಬೇಕು. ಒಂದೊಂದಕ್ಕೂ ಕೋಟಿಗಟ್ಟಲೆ ಖರ್ಚು. ಕೊರೆದ ಮೇಲೆ ಹಬೆ ಬಂದರೆ ಬಂತು, ಇಲ್ಲಾಂದರೆ ದುಡ್ಡು ಮಣ್ಣಿಗೆ.

ಇದು ನಮಗೆ ಗೊತ್ತಿಲ್ಲದ ಸಂಕಟವಾ? ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡಿಸಿ, ಸಾಲ ಮಾಡಿ, ಲಾರಿ ಕರೆಸಿ, ಆರುನೂರು ಅಡಿಗೂ ಬರೀ ಬಿಳಿ ಧೂಳು ಎದ್ದಾಗ ಬದುವಿನ ಮೇಲೆ ಕೂತ ರೈತನ ಮುಖ ನೋಡಿದವರು ನಾವು. ಬೋರ್ ಫೇಲಾದರೆ ಲಾರಿಯವನಿಗೆ ನಷ್ಟ ಇಲ್ಲ, ಬ್ಯಾಂಕಿಗೆ ನಷ್ಟ ಇಲ್ಲ, ಎಲ್ಲ ಅವನ ತಲೆ ಮೇಲೆ. ಕೆನ್ಯಾ ಸರ್ಕಾರ 2008ರಲ್ಲಿ ಮಾಡಿದ್ದು ಏನಂದರೆ, ಹಬೆಗಾಗಿ ಕೊರೆಯೋದಕ್ಕೇ ಒಂದು ಸರ್ಕಾರಿ ಕಂಪನಿ ಕಟ್ಟಿತು. ಕೊರೆಯುವ ಖರ್ಚು, ಫೇಲಾಗುವ ಭಯ ಸರ್ಕಾರದ್ದು. ಹಬೆ ಸಿಕ್ಕ ಮೇಲೆ ಘಟಕ ಕಟ್ಟಲು ಬೇರೆಯವರೂ ಬರಬಹುದು. ಮೊದಲ ಏಟು ತಿನ್ನಲು ಒಬ್ಬ ದೊಡ್ಡವನು ಮುಂದೆ ನಿಂತ. ಇವತ್ತು ಇಲ್ಲಿನ ಕರೆಂಟಿನಲ್ಲಿ ನೆಲದ ಹಬೆಯದ್ದೇ ಎಲ್ಲಕ್ಕಿಂತ ದೊಡ್ಡ ಪಾಲು. ಮಳೆ ಹೋದರೂ ಅದು ನಿಲ್ಲಲ್ಲ, ರಾತ್ರಿಯಾದರೂ ನಿಲ್ಲಲ್ಲ.

ಓಲ್ಕಾರಿಯಾಕ್ಕೆ ಕೆಲಸದ ಮೇಲೆ ಎರಡು ಮೂರು ಸಲ ಹೋಗಿದ್ದೇನೆ. ಕೊಳೆತ ಮೊಟ್ಟೆಯಂಥ ಗಂಧಕದ ವಾಸನೆ ಕಾರಿನ ಕಿಟಕಿ ಏರಿಸಿದರೂ ಒಳಗೆ ಬರುತ್ತೆ. ಬೆಳ್ಳಿ ಬಣ್ಣದ ದಪ್ಪ ಪೈಪುಗಳು ಗುಡ್ಡ ಇಳಿದು ಬರುತ್ತವೆ, ಅಲ್ಲಲ್ಲಿ ಮೇಲೆದ್ದು ಕಮಾನಿನ ಹಾಗೆ ಬಾಗಿ ಮತ್ತೆ ಇಳಿಯುತ್ತವೆ. ಕಾದ ಪೈಪು ಹಿಗ್ಗಲು ಜಾಗ ಬೇಕು, ಅದಕ್ಕೆ ಹಾಗೆ. ಆ ಕಮಾನಿನ ಕೆಳಗೆ ಜಿರಾಫೆ ದಾಟುತ್ತವೆ. ಮೊದಲ ಸಲ ನೋಡಿದಾಗ ನನಗೆ ಕಪ್ಪತಗುಡ್ಡವೇ ನೆನಪಾಯಿತು. ಅದೂ 2019ರಿಂದ ವನ್ಯಜೀವಿ ಧಾಮ, ಅಲ್ಲೂ ಗುಡ್ಡದ ಮೇಲೆ ಕರೆಂಟ್ ಹುಟ್ಟುತ್ತೆ.

ಇಲ್ಲಿ ಎಲ್ಲ ಚಂದ ಅಂತ ನಾನು ಹೇಳಿದರೆ ಅದು ಸುಳ್ಳಾಗುತ್ತೆ. ಓಲ್ಕಾರಿಯಾದ ಒಂದು ಘಟಕಕ್ಕಾಗಿ 2014ರಲ್ಲಿ ಮಾಸಾಯಿ ಕುಟುಂಬಗಳನ್ನು ಎಬ್ಬಿಸಿದರು, ಅವರ ದೂರು ವಿಶ್ವ ಬ್ಯಾಂಕ್ ತನಕ ಹೋಯಿತು. ಉತ್ತರದ ತುರ್ಕಾನಾ ಕೆರೆಯ ಹತ್ತಿರ 365 ಫ್ಯಾನು ನಿಲ್ಲಿಸಿದರು, 310 ಮೆಗಾವ್ಯಾಟ್. ಫ್ಯಾನು 2017ರಲ್ಲೇ ತಯಾರು, ಆದರೆ 400 ಕಿಲೋಮೀಟರಿಗೂ ಉದ್ದದ ಲೈನ್ ಮುಗಿದದ್ದು 2018ರ ಸೆಪ್ಟೆಂಬರ್‌ಗೆ. ಅಷ್ಟು ದಿನ ಗಾಳಿ ಬೀಸಿದ್ದು ಯಾರಿಗೂ ಬರಲಿಲ್ಲ, ಒಪ್ಪಂದದ ಪ್ರಕಾರ ದುಡ್ಡು ಮಾತ್ರ ಕಟ್ಟಬೇಕಾಯಿತು. ಆ ಜಮೀನಿನ ಪತ್ರಗಳೇ ಸರಿಯಿಲ್ಲ ಅಂತ 2021ರಲ್ಲಿ ಕೋರ್ಟ್ ಹೇಳಿತು. ಇವತ್ತಿಗೂ ನಾಲ್ಕು ಜನರಲ್ಲಿ ಒಬ್ಬರಿಗೆ ಮನೆಯಲ್ಲಿ ಕರೆಂಟ್ ಇಲ್ಲ. 2023ರ ಆಗಸ್ಟ್‌ನಲ್ಲಿ ಒಂದು ರಾತ್ರಿ ದೇಶಕ್ಕೆ ದೇಶವೇ ಕತ್ತಲಾಯಿತು, ವಿಮಾನ ನಿಲ್ದಾಣವೂ ಸೇರಿ.

ಇನ್ನೊಂದು ವಿಷಯ ನನ್ನ ಅಡುಗೆಮನೆಯಲ್ಲೇ ಕಲಿತೆ. ಇಲ್ಲಿ ಕರೆಂಟಿಗೆ ಮೊದಲೇ ದುಡ್ಡು ಕಟ್ಟಬೇಕು. ಮೊಬೈಲಿನಲ್ಲಿ ಎಂಪೆಸಾ ಮೂಲಕ ಕಳಿಸಿದರೆ ಇಪ್ಪತ್ತು ಅಂಕಿಯ ಟೋಕನ್ ಬರುತ್ತೆ, ಅದನ್ನು ಮೀಟರಿನ ಗುಂಡಿ ಒತ್ತಿ ಒತ್ತಿ ತುಂಬಬೇಕು. ಆ ಮೆಸೇಜಿನಲ್ಲಿ ಕಟ್ಟಿದ ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಒಡೆದು ಬರೆದಿರುತ್ತಾರೆ. ಅದರಲ್ಲಿ ಒಂದು ಸಾಲು ವಿದೇಶಿ ವಿನಿಮಯದ ಹೊಂದಾಣಿಕೆ. ಮೊದಲು ಅರ್ಥ ಆಗಲಿಲ್ಲ. ಹಬೆ ಇಲ್ಲಿಯದು, ಗಾಳಿ ಇಲ್ಲಿಯದು, ಡಾಲರಿಗೂ ನಮ್ಮ ಒಲೆಗೂ ಏನು ಸಂಬಂಧ? ಸಂಬಂಧ ಇದೆ. ಯಂತ್ರ ಹೊರಗಿನದು, ಸಾಲ ಹೊರಗಿನದು, ತುರ್ಕಾನಾದ ಗಾಳಿ ಕರೆಂಟಿನ ಬೆಲೆಯೇ ಯೂರೋದಲ್ಲಿ. ಇಲ್ಲಿನ ಶಿಲ್ಲಿಂಗ್ ಇಳಿದರೆ ಬಿಲ್ ಏರುತ್ತೆ. ಗಾಳಿ ಮನೆಯದೇ ಆದರೂ ಸಾಲ ಬೇರೆಯವರ ದುಡ್ಡಿನಲ್ಲಿ ಇದ್ದರೆ ಸ್ವಾವಲಂಬನೆ ಅರ್ಧಕ್ಕೇ ನಿಲ್ಲುತ್ತೆ.

ಈ ವಿಷಯದಲ್ಲಿ ನಮ್ಮ ದೇಶ ಜಾಣತನ ಮಾಡಿದೆ, ಅದನ್ನು ಮನಸಾರೆ ಹೇಳುತ್ತೇನೆ. ನಮ್ಮಲ್ಲಿ ಸೋಲಾರ್ ಹರಾಜು ರೂಪಾಯಿಯಲ್ಲೇ ನಡೆಯುತ್ತೆ. 2010ರ ಸುಮಾರಿಗೆ ಯೂನಿಟ್ಟಿಗೆ 17 ರೂಪಾಯಿ ಮೇಲಿದ್ದ ದರ, 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2.44ಕ್ಕೆ ಇಳಿಯಿತು, 2020ರ ಡಿಸೆಂಬರ್‌ನಲ್ಲಿ ಗುಜರಾತಿನಲ್ಲಿ 1.99ಕ್ಕೆ. ನಮ್ಮ ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಎದ್ದು ನಿಂತಿದೆ. 2025ರಲ್ಲಿ ದೇಶದ ಒಟ್ಟು ಸ್ಥಾಪಿತ ಸಾಮರ್ಥ್ಯದಲ್ಲಿ ಕಲ್ಲಿದ್ದಲು, ಗ್ಯಾಸ್ ಅಲ್ಲದ್ದು ಅರ್ಧ ಮುಟ್ಟಿತು. ನಿಜವಾಗಿ ಹುಟ್ಟುವ ಯೂನಿಟ್ ಲೆಕ್ಕ ಹಾಕಿದರೆ ಇನ್ನೂ ನೂರಕ್ಕೆ 70ಕ್ಕಿಂತ ಜಾಸ್ತಿ ಕಲ್ಲಿದ್ದಲೇ, ಅದು ಬೇರೆ ಮಾತು.

ಹಾಗಾದರೆ ನನ್ನ ತಕರಾರು ಏನು? ದೆಹಲಿಯ ಲೆಕ್ಕದಲ್ಲಿ, ಬೆಂಗಳೂರಿನ ಲೆಕ್ಕದಲ್ಲಿ ನಾವು ಗೆಲ್ಲುತ್ತಿದ್ದೇವೆ. ಹೊಲದ ಲೆಕ್ಕದಲ್ಲಿ ಗೆದ್ದಿಲ್ಲ.

ನಮ್ಮ ಕಾಕಾ ಒಂದು ಎಕರೆ ಎರಿಹೊಲ ಒಂದು ಕಂಪನಿಗೆ ಬರೆದುಕೊಟ್ಟರು. ದುಡ್ಡು ಬಂತು, ಇಲ್ಲ ಅಂತ ಅಲ್ಲ. ಅದರಲ್ಲೇ ಮಗಳ ಮದುವೆ ಆಯಿತು. ಆದರೆ ಫ್ಯಾನಿನ ರೆಕ್ಕೆ ತರುವ ದೊಡ್ಡ ಗಾಡಿಗೆ ಅಂತ ಹೊಲಗಳ ನಡುವೆ ಗೊರಚು ಹಾಕಿ ಎತ್ತರದ ರಸ್ತೆ ಮಾಡಿದರು. ನೀರು ಹೋಗಲು ಪೈಪು ಹಾಕುತ್ತೇವೆ ಅಂದಿದ್ದರು, ಹಾಕಲಿಲ್ಲ. ಈಗ ಜೋರು ಮಳೆ ಬಂದರೆ ಆ ರಸ್ತೆ ಒಡ್ಡಿನ ಹಾಗೆ ನೀರು ಹಿಡಿದು ನಿಲ್ಲಿಸುತ್ತೆ, ಮೇಲಿನ ಹೊಲದ ಹೆಸರು ಬೆಳೆ ಬುಡ ಕೊಳೆತು ಹಳದಿ ಆಗುತ್ತೆ. ಆ ಮೇಲಿನ ಹೊಲದವರಿಗೆ ಫ್ಯಾನಿನಿಂದ ಒಂದು ರೂಪಾಯಿಯೂ ಬಂದಿಲ್ಲ. ಕೂಲಿಗೆ ಬರುವ ಹೆಣ್ಣುಮಕ್ಕಳಿಗಂತೂ ಕೇಳಲೇಬೇಡಿ. ಪಾವಗಡದಲ್ಲಿ ಭೂಮಿ ಮಾರಿಸದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ಅಂತ ಶುರು ಮಾಡಿದ್ದು ಇದಕ್ಕಿಂತ ಎಷ್ಟೋ ವಾಸಿ. ಅಲ್ಲೂ ಬಾಡಿಗೆ ಸಿಗೋದು ಭೂಮಿ ಇದ್ದವರಿಗೆ ಮಾತ್ರ.

ಕೆನ್ಯಾ 2019ರಲ್ಲಿ ಒಂದು ಇಂಧನ ಕಾಯ್ದೆ ಮಾಡಿತು. ನೆಲದ ಹಬೆಯಿಂದ ಬರುವ ರಾಯಧನದಲ್ಲಿ 75 ಪಾಲು ಕೇಂದ್ರ ಸರ್ಕಾರಕ್ಕೆ, 20 ಪಾಲು ಜಿಲ್ಲಾಡಳಿತದಂಥ ಕೌಂಟಿಗೆ, 5 ಪಾಲು ಅಲ್ಲಿನ ಜನರಿಗೆ ಅಂತ ಅದರಲ್ಲಿ ಬರೆದರು. ಐದು ಸಣ್ಣ ಅಂಕಿ, ಒಪ್ಪುತ್ತೇನೆ. ಆದರೆ ಆ ನೆಲದ ಮೇಲೆ ಬದುಕುವವನೂ ಪಾಲುದಾರ ಅಂತ ಕಾನೂನಿನಲ್ಲೇ ಬರೆದಿದ್ದಾರಲ್ಲ, ಅವನು ಆ ಹಾಳೆ ಹಿಡಿದು ಹೋಗಿ ಕೇಳಬಹುದು. ನಮ್ಮ ಗುಡ್ಡದ ಕೆಳಗಿನವರು ಯಾವ ಹಾಳೆ ಹಿಡಿದು ಕೇಳಬೇಕು?

ಪಾಲು ಅನ್ನೋದು ಗದಗಿನವರಿಗೆ ಹೊರಗಿನವರು ಕಲಿಸಬೇಕಾದ ಪಾಠವೇ ಅಲ್ಲ. ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು, ಏಷ್ಯಾದಲ್ಲೇ ಮೊದಲನೇದು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಸಾಹುಕಾರನ ಬಡ್ಡಿಯಿಂದ ರೈತ ತಪ್ಪಿಸಿಕೊಳ್ಳಲಿ ಅಂತ ಕಟ್ಟಿದ್ದು ಅದು. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಿಂದ ಸಹಕಾರ ಸಂಘವೇ ಹಳ್ಳಿಗಳಿಗೆ ಕರೆಂಟ್ ಹಂಚುತ್ತಿದೆ. ಅಂದಮೇಲೆ ಕರೆಂಟ್ ಹುಟ್ಟಿಸೋದನ್ನು ನಮ್ಮೂರ ಸೊಸೈಟಿ ಯಾಕೆ ಮಾಡಬಾರದು?

ದಾರಿ ಇದೆ. 2019ರಲ್ಲಿ ಶುರುವಾದ ಪಿಎಂ-ಕುಸುಮ್ ಯೋಜನೆಯ ಮೊದಲ ಭಾಗ ಹೇಳೋದೇ ಇದು. ರೈತರು, ಸಹಕಾರ ಸಂಘ, ಪಂಚಾಯಿತಿ ಯಾರಾದರೂ ಸಬ್‌ಸ್ಟೇಷನ್ನಿನಿಂದ ಐದು ಕಿಲೋಮೀಟರ್ ಒಳಗೆ, ಬೀಳು ಭೂಮಿಯಲ್ಲಿ, 2 ಮೆಗಾವ್ಯಾಟ್ ತನಕ ಸೋಲಾರ್ ಹಾಕಬಹುದು. ಆ ಕರೆಂಟನ್ನು 25 ವರ್ಷ ಕೊಳ್ಳುತ್ತೇವೆ ಅಂತ ಕರೆಂಟ್ ಹಂಚುವ ಕಂಪನಿಯ ಜೊತೆ ಒಪ್ಪಂದ ಆಗುತ್ತೆ. ಒಂದು ಮೆಗಾವ್ಯಾಟಿಗೆ ನಾಲ್ಕೈದು ಎಕರೆ ಸಾಕು. ನಮ್ಮ ಕಡೆ ಇದು ಇನ್ನೂ ಸರಿ ಹೊಂದುತ್ತೆ, ಯಾಕೆಂದರೆ ನಮ್ಮ ಗಾಳಿ ಜೋರಾಗಿ ಬೀಸೋದು ಜೂನ್‌ನಿಂದ ಸೆಪ್ಟೆಂಬರ್, ಆಗ ಮಳೆ ಇರುತ್ತೆ, ಪಂಪು ಜಾಸ್ತಿ ಬೇಡ. ಪಂಪು ಬೇಕಾಗೋದು ಜನವರಿ ಆದ ಮೇಲೆ, ಗಾಳಿ ಇಳಿದಾಗ. ಅದೇ ಹೊತ್ತಿಗೆ ನಮ್ಮ ಬಿಸಿಲು ಹೆಂಗಿರುತ್ತೆ ಅಂತ ಹೇಳಬೇಕಾ? ಹೊಲಗಳಿಗೆ ಕರೆಂಟ್ ಒಯ್ಯುವ ಹತ್ತಿರದ ಫೀಡರ್ ಲೈನಿಗೇ ಸೋಲಾರ್ ಸೇರಿಸಿದರೆ ಹಗಲಲ್ಲೇ ತ್ರೀ ಫೇಸ್ ಕೊಡಬಹುದು, ಲೈನಿನ ಕೊನೆಯ ಟಿಸಿಗೂ (ಟ್ರಾನ್ಸ್‌ಫಾರ್ಮರಿಗೂ) ವೋಲ್ಟೇಜ್ ನಿಲ್ಲುತ್ತೆ. ಮಹಾರಾಷ್ಟ್ರ 2017ರಲ್ಲೇ ಈ ಥರ ಶುರು ಮಾಡಿದೆ.

ಅಡ್ಡಿ ಇರೋದು ಮೊದಲ ಏಟಿನಲ್ಲಿ. ಕೋಟಿಗಳ ಲೆಕ್ಕ, ಸೊಸೈಟಿಯ ಹತ್ತಿರ ಅಡ ಇಡಲು ಗೋದಾಮು ಬಿಟ್ಟರೆ ಏನಿಲ್ಲ. ಕರೆಂಟ್ ಕೊಂಡ ದುಡ್ಡು ತಿಂಗಳಿಗೆ ಸರಿಯಾಗಿ ಬರುತ್ತಾ ಅನ್ನೋ ಭಯ ಬೇರೆ. ಇಲ್ಲಿ ಸರ್ಕಾರ ಕೆನ್ಯಾದ ಹಾಗೆ ಮುಂದೆ ನಿಲ್ಲಬೇಕು. ಮೊದಲ ಸಾಲಕ್ಕೆ ಗ್ಯಾರಂಟಿ ಕೊಡಲಿ, ಸೊಸೈಟಿಗೆ ಒಬ್ಬ ಇಂಜಿನಿಯರನ್ನು ಕೊಡಲಿ, ಬಾಕಿ ನಿಂತರೆ ತಾನು ತುಂಬಿಕೊಡಲಿ. ದೊಡ್ಡ ಕಂಪನಿಗಳಿಗೆ ಭೂಮಿ ಹುಡುಕಿಕೊಡಲು ಅಷ್ಟು ಓಡಾಡುವ ಆಫೀಸುಗಳು ನಮ್ಮ ಸೊಸೈಟಿಗೂ ಒಂದು ಸಲ ಓಡಾಡಲಿ.

ಕಾಕಾನ ಮಗನ ಹತ್ತಿರ ಫೋನಿನಲ್ಲಿ ಇದೆಲ್ಲ ಮಾತಾಡಿದೆ. ಸೊಸೈಟಿಯ ಹಿಂದೆ ಆರು ಎಕರೆ ಗರಸು ಭೂಮಿ ಬಿದ್ದಿದೆ, ಸಬ್‌ಸ್ಟೇಷನ್ ಅಲ್ಲಿಂದ ಮೂರು ಕಿಲೋಮೀಟರ್ ಒಳಗೇ. ಮುಂದಿನ ಸರ್ವ ಸದಸ್ಯರ ಸಭೆಗೆ ವಿಷಯ ಇಡು, ಪ್ಯಾನೆಲ್ಲಿನ ಲೆಕ್ಕ ನಾನು ಕನ್ನಡದಲ್ಲಿ ಬರೆದು ಕಳಿಸುತ್ತೇನೆ ಅಂದೆ.

"ಕಳಿಸಣ್ಣಾ, ಆದ್ರ ಬ್ಯಾಗ ಕಳಸು," ಅಂದ. "ಈಗ ಇಡ್ತೀನಿ, ತ್ರೀ ಫೇಸ್ ಬಂತು."