ಮೀಡಿಯಂ ದೋಸೆ

ತೂಕ ಇಳಿಸಿ ಅಂತ ಡಾಕ್ಟರು ಹೇಳಿದ್ದೇ ತಡ, ಮಗಳು ನನ್ನ ಫೋನಿಗೆ ಕ್ಯಾಲೊರಿ ಲೆಕ್ಕದ ಆ್ಯಪ್ ಹಾಕಿಕೊಟ್ಟಳು. "ದಿನಕ್ಕೆ 1,600. ಮೇಲೆ ಒಂದೂ ಇಲ್ಲ" ಎಂದಳು. ಮನೆಯಲ್ಲಿ ಹೇಗೋ ನಡೆಯಿತು. ಎಡವಿದ್ದು ಹೋಟೆಲಿನಲ್ಲಿ.

ಭಾನುವಾರ ಮಾಲ್‌ಗೆ ಹೋಗಿದ್ದೆವು. ಮೆನು ತೆರೆದವನು ಬೆಚ್ಚಿಬಿದ್ದೆ. "ಒಂದು ಪ್ಲೇಟ್ ಪನೀರಿಗೆ 720 ರೂಪಾಯಾ? ಏಳಿ, ಹೋಗೋಣ" ಎಂದೆ, ಸ್ವಲ್ಪ ಜೋರಾಗಿಯೇ. ಪಕ್ಕದ ಟೇಬಲಿನವರು ತಿರುಗಿ ನೋಡಿದರು. "ಅಪ್ಪಾ, ಅದು ಕ್ಯಾಲೊರಿ. ರೇಟು ಈ ಕಡೆ ಇದೆ" ಎಂದಳು ಮಗಳು, ತಲೆ ಎತ್ತದೆ. ರೇಟು 395. ಸುಮ್ನೆ ಹೇಳಬಾರದು, ಒಂದು ಗಳಿಗೆ ಲಾಭವಾದ ಹಾಗೇ ಅನಿಸಿತು.

ಹತ್ತು ಅಥವಾ ಅದಕ್ಕಿಂತ ಜಾಸ್ತಿ ಕಡೆ ಶಾಖೆ ಇರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿ ಬರೆಯಲೇಬೇಕು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮ, 2022ರಿಂದ. ಆಕ್ಟಿವ್ ಆಗಿರುವ ವಯಸ್ಕರಿಗೆ ದಿನಕ್ಕೆ 2,000 ಬೇಕು ಎಂಬ ಸಾಲೂ ಕೆಳಗೆ ಸಣ್ಣಕ್ಷರದಲ್ಲಿತ್ತು. 'ಆಕ್ಟಿವ್' ಮೇಲೆ ಬೆರಳಿಟ್ಟು ಹೆಂಡತಿ ನನ್ನ ಮುಖ ನೋಡಿದಳು.

ತಡಕಾಡಿ 410 ಕ್ಯಾಲೊರಿಯ ವೆಜ್ ಬಿರಿಯಾನಿ ಹಿಡಿದೆ. ಹಂಡಿ ಬಂತು. ತಳ ಕೆರೆದು ಮುಗಿಸಿದೆ. 410ರಲ್ಲಿ ಇಷ್ಟೊಂದು ಕೊಡ್ತಾರಲ್ಲ, ಪುಣ್ಯಾತ್ಮರು ಎಂದುಕೊಳ್ಳುತ್ತಿರುವಾಗ ಮಗಳು ಮೆನು ಮತ್ತೆ ಓದಿದಳು. 410 ಒಂದು ಸರ್ವಿಂಗ್‌ಗೆ. ಹಂಡಿಯಲ್ಲಿದ್ದದ್ದು ಮೂರು.

ಮರುದಿನ ಬೆಳಗ್ಗೆ ನಮ್ಮ ಬೀದಿಯ ದರ್ಶಿನಿಗೆ ಹೋದೆ. ಅದು ಇರೋದೇ ಒಂದು, ಹಾಗಾಗಿ ಬೋರ್ಡಿನಲ್ಲಿ ರೇಟು ಮಾತ್ರ. "ಮಸಾಲೆ ದೋಸೇಲಿ ಎಷ್ಟು ಕ್ಯಾಲೊರಿ ಬರುತ್ತೆ?" ಎಂದು ಕೌಂಟರಿನವನನ್ನು ಕೇಳಿದೆ.

"ಒಂದೇ ಬರೋದು ಸಾರ್. ಎರಡು ಬೇಕಂದ್ರೆ ಸೆಟ್ ದೋಸೆ ತಗೊಳ್ಳಿ."

ಸರಿ, ಕಣ್ಣಾರೆ ನೋಡಿಯೇ ಲೆಕ್ಕ ಹಾಕೋಣ ಅಂತ ಫೋನು ಹಿಡಿದು ಕಾವಲಿಯ ಎದುರು ನಿಂತೆ. ಭಟ್ಟರು ನೀರು ಚಿಮುಕಿಸಿ ಪೊರಕೆಯಲ್ಲಿ ಗುಡಿಸಿದರು. ಚೊಂಯ್ ಎಂದಿತು. ಹನ್ನೆರಡು ದೋಸೆ ಹುಯ್ದರು. ಎಣ್ಣೆ ಡಬ್ಬಿ ಹಿಡಿದು ಈ ತುದಿಯಿಂದ ಆ ತುದಿಗೆ ಒಂದೇ ಬೀಸು. ಮೂಲೆಯ ದೋಸೆಗೆ ನಾಲ್ಕು ಹನಿ, ನಡುವಿನದ್ದಕ್ಕೆ ಮಳೆಗಾಲ. ಹಿಟ್ಟಿನ ಪಿಷ್ಟವಾದರೆ ಗ್ರಾಮಿಗೆ 4 ಕ್ಯಾಲೊರಿ, ಎಣ್ಣೆಯಾದರೆ 9. 15 ಗ್ರಾಂ ಎಣ್ಣೆ ಬಿತ್ತೋ, 135 ಅಲ್ಲೇ ಆಯಿತು. ಅಂದರೆ ನನ್ನ ತೂಕ ಇರುವುದು ಭಟ್ಟರ ಮಣಿಕಟ್ಟಿನಲ್ಲಿ, ಅಲ್ವಾ? ಆ್ಯಪ್ ಮಾತ್ರ 'ಸ್ಮಾಲ್, ಮೀಡಿಯಂ, ಲಾರ್ಜ್?' ಅಂತ ಕೇಳುತ್ತಿತ್ತು. ಇಲ್ಲಿಯ ದೋಸೆ ತಟ್ಟೆಯಿಂದ ಎರಡೂ ಕಡೆ ನಾಲ್ಕು ಬೆರಳು ಹೊರಗಿರುತ್ತದೆ.

ಭಟ್ಟರು ನನ್ನ ಫೋನನ್ನೇ ನೋಡುತ್ತಿದ್ದರು. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಸೌಟು ತುಂಬ ಬೆಣ್ಣೆ ಎತ್ತಿ, ನನ್ನ ದೋಸೆಯ ನಟ್ಟನಡುವೆ ಇಟ್ಟು, ನಿಧಾನವಾಗಿ ಸವರಿದರು. ಆಮೇಲೆ ಇನ್ನೊಂದು ಸೌಟು.

"ವಿಡಿಯೋ ಚೆನ್ನಾಗಿ ಬರ್ಲಿ ಸಾರ್" ಎಂದು ನಕ್ಕರು.

ನಾನೂ ನಕ್ಕು, 'ಮೀಡಿಯಂ' ಒತ್ತಿದೆ.