ನಡುವೆ ಒಂದು ಪ್ರೀ-ಪ್ರಾಡ್

ಪ್ರೋಗ್ರಾಂ ಬರೆಯಲು ಡೆವ್, ಟೆಸ್ಟ್ ಮಾಡಲು ಕ್ಯೂಎ, ನಿಜವಾದ ವ್ಯವಹಾರಕ್ಕೆ ಪ್ರಾಡ್ ಅಂತ ಮೂರೇ ಸಿಸ್ಟಮ್ ಸಾಲದು, ಪ್ರಾಡ್‌ಗೆ ಮುಂಚೆ ಇನ್ನೊಂದು ಬೇಕು ಅಂತ ನಮ್ಮ ಆಫೀಸಿನ ದೊಡ್ಡವರಿಗೆ ಹೊಳೆದಿದ್ದು ಜುಲೈನಲ್ಲಿ. ಹೆಸರು ಪ್ರೀ-ಪ್ರಾಡ್. ಕಂಪನಿಯ ವ್ಯವಹಾರ ನಡೆಸುವ ಸ್ಯಾಪ್ ಸಾಫ್ಟ್‌ವೇರಿನ ಸಿಸ್ಟಮ್‌ಗಳನ್ನು ನೋಡಿಕೊಳ್ಳುವ ಬೇಸಿಸ್ ಕೆಲಸದ ನಾನಿರುವುದು ಮಡಿಕೇರಿಯಲ್ಲಿ. ಜುಲೈನಲ್ಲಿ ಇಲ್ಲಿ ಕರೆಂಟು ನೆಂಟರ ಹಾಗೆ, ಬಂದರೆ ಬಂತು.

ಕೆಲಸವೇನೋ ಸುಲಭ. ಪ್ರಾಡ್‌ನ ಕಾಪಿ ಹೊಡೆದು ಹೊಸ ಸಿಸ್ಟಮ್ ನಿಲ್ಲಿಸಿದ್ದಾಗಿತ್ತು. ಬದಲಾವಣೆಗಳು ಯಾವ ಸಿಸ್ಟಮ್‌ನಿಂದ ಯಾವುದಕ್ಕೆ ಹೋಗಬೇಕು ಅಂತ ಹೇಳುವ ಎಸ್‌ಟಿಎಂಎಸ್‌ನಲ್ಲಿ, ಕ್ಯೂಎಯಿಂದ ನೇರ ಪ್ರಾಡ್‌ಗಿದ್ದ ಹಳೇ ಡೆಲಿವರಿ ರೂಟ್ ಅಳಿಸಿ, ಕ್ಯೂಎಯಿಂದ ಪ್ರೀ-ಪ್ರಾಡ್‌ಗೆ, ಅಲ್ಲಿಂದ ಪ್ರಾಡ್‌ಗೆ ಗೆರೆ ಎಳೆದೆ. ಸೇವ್ ಒತ್ತಬೇಕು, ಎಲ್ಲೋ ಮರ ಬಿದ್ದು ಲೈನ್ ಹೋಯಿತು. ಇನ್ವರ್ಟರ್ ಇತ್ತಲ್ಲ ಅನ್ನಬೇಡಿ. ಅದರಲ್ಲಿ ಅಮ್ಮ ಮಿಕ್ಸಿಗೆ ಮಸಾಲೆ ಹಾಕಿದ್ದರು. ಕೀ ಅಂದಿತು, ವೈಫೈ ಸಮೇತ ಮಲಗಿತು.

ರಾತ್ರಿ ಮತ್ತೆ ಗೆರೆ ಎಳೆದು ಮುಗಿಸಿದೆ. ಬೆಳಿಗ್ಗೆ ಆಫೀಸಿನಿಂದ ಫೋನು. "ಪ್ರೀ-ಪ್ರಾಡ್ ಕ್ಯೂ ಖಾಲಿ ಇದೆ ಸಾರ್, ನಮ್ ರಿಕ್ವೆಸ್ಟ್ ಎಲ್ಲ ಪ್ರಾಡ್ ಕ್ಯೂನಲ್ಲೇ ಕೂತಿವೆ!"

ಕೂತಿರುತ್ತವೆ. ರಿಕ್ವೆಸ್ಟ್ ಅಂದರೆ ಬದಲಾವಣೆಗಳ ಒಂದು ಗಂಟು, ಕ್ಯೂ ಅಂದರೆ ಅದು ಸಿಸ್ಟಮ್ ಒಳಗೆ ಹೋಗಲು ಕಾಯುವ ಸಾಲು. ಕ್ಯೂಎಗೆ ಇಂಪೋರ್ಟ್ ಆದ ಕ್ಷಣದಲ್ಲೇ ರಿಕ್ವೆಸ್ಟ್ ಆಗಿನ ರೂಟ್ ಹಿಡಿದು ಮುಂದಿನ ಕ್ಯೂಗೆ ಹೋಗಿಬಿಡುತ್ತದೆ. ಆಮೇಲೆ ರೂಟ್ ಬದಲಾದರೆ ಅದು ವಾಪಸ್ ಬರುವುದಿಲ್ಲ. ಇದನ್ನು ಮೊದಲೇ ಮೇಲ್‌ನಲ್ಲಿ ಬರೆದಿದ್ದೆ, ಎರಡನೇ ಪ್ಯಾರಾದಲ್ಲಿ. ನಮ್ಮಲ್ಲಿ ಎರಡನೇ ಪ್ಯಾರಾವರೆಗೆ ಓದುವ ಪದ್ಧತಿ ಇಲ್ಲ.

ನನ್ನ ಕೂಗಾಟ ಕೇಳಿ ಅಪ್ಪ ಏನಂತ ವಿಚಾರಿಸಿದರು. ಹೇಳಿದೆ. "ಕಾಫಿ ಚೀಲ ಲಾರಿಗೆ ಹತ್ತಿಸಿ ಆದ್ಮೇಲೆ ಹೊಸ ಕಣ ಮಾಡಿದ್ರೆ, ಲಾರೀಲಿರೋ ಕಾಫಿ ಇಳಿದು ಬಂದು ಒಣಗುತ್ತಾ?" ಅಂದರು. ಅಪ್ಪನನ್ನೇ ಮೀಟಿಂಗಿಗೆ ಕೂರಿಸಬೇಕಿತ್ತು.

ಬಾಕಿ ಇದ್ದ ರಿಕ್ವೆಸ್ಟ್‌ಗಳನ್ನು ಒಂದೊಂದಾಗಿ ಪ್ರೀ-ಪ್ರಾಡ್ ಕ್ಯೂಗೆ ಸೇರಿಸಬೇಕಾಯಿತು, ಅದೂ ಡೆವ್‌ನಿಂದ ಎಕ್ಸ್‌ಪೋರ್ಟ್ ಆದ ಕ್ರಮದಲ್ಲೇ. ಕ್ರಮ ತಪ್ಪಿದರೆ ಹಳೇದು ಹೋಗಿ ಹೊಸದರ ಮೇಲೆ ಕೂರುತ್ತದೆ. ಸಹಾಯಕ್ಕೆ ಬಂದ ಪುಣ್ಯಾತ್ಮರೊಬ್ಬರು ತಮ್ಮ ಅರ್ಜೆಂಟಿನದನ್ನು ಮೊದಲು ನುಗ್ಗಿಸಿದರು. ರಿಟರ್ನ್ ಕೋಡ್ 8, ಅಂದರೆ ಎರರ್. 4 ಬಂದರೆ ಬರೀ ವಾರ್ನಿಂಗ್, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅವರು ಫೋನಿನಲ್ಲಿ ಸಮಾಧಾನವಾಗಿ, "ಎಂಟು ಅಂದ್ರೆ ಎರಡು ವಾರ್ನಿಂಗ್ ತಾನೇ ಸಾರ್?" ಅಂದರು.

ಈಗ ಪ್ರೀ-ಪ್ರಾಡ್ ಓಡುತ್ತಿದೆ. ಅದರಲ್ಲಿ ಟೆಸ್ಟ್ ಮಾಡುವವರು ಯಾರು ಅಂತ ಮಾತ್ರ ತೀರ್ಮಾನವಾಗಿಲ್ಲ. ಟೆಸ್ಟಿಂಗ್ ಟೀಮಿನವರು ಕ್ಯೂಎಯಲ್ಲೇ ನೋಡಿ ಆಯ್ತು ಅನ್ನುತ್ತಾರೆ. ಬಳಸುವವರು, ಪ್ರಾಡ್‌ಗೆ ಬರಲಿ, ಆಮೇಲೆ ನೋಡ್ತೀವಿ ಅನ್ನುತ್ತಾರೆ.